ಬಲೆ, ಪಾಲು ಮತ್ತು ಬಿಡುವಿನ ದಿನ

ವಾರದ ರಜೆ ಬಂದಿತೆಂದರೆ ಯುಎಇಯ ಕಡಲದಂಡೆಗಳಲ್ಲಿ ಗಾಳ ಹಿಡಿದು ಕುಳಿತ ನಮ್ಮ ಕರಾವಳಿಯವರು ಒಬ್ಬಿಬ್ಬರಾದರೂ ಕಾಣಸಿಗುತ್ತಾರೆ. ಪಕ್ಕದಲ್ಲಿ ಐಸು ತುಂಬಿದ ಪೆಟ್ಟಿಗೆ, ಹಿಂದೆ ಚಾಪೆಯ ಮೇಲೆ ಮಕ್ಕಳು, ಡಬ್ಬಿಯಲ್ಲಿ ಅರೆದು ತಂದ ಮಸಾಲೆ. ಮಾತಿನ ನಡುವೆ ಒಂದು ದೂರು ಮಾತ್ರ ತಪ್ಪದೆ ಬರುತ್ತದೆ: ಊರಿನಲ್ಲಾಗಿದ್ದರೆ ಬಲೆಯನ್ನೇ ಬೀಸಬಹುದಿತ್ತು, ಹೇಳುವವರು ಕೇಳುವವರು ಯಾರೂ ಇರಲಿಲ್ಲ, ಇಲ್ಲಿ ಮೀನಿಗೂ ಕಾನೂನು. ಈ ದೂರಿನ ಎರಡನೆಯ ಅರ್ಧವನ್ನು ನಾವು ಒಪ್ಪುತ್ತೇವೆ. ಮೊದಲನೆಯ ಅರ್ಧ ಚರಿತ್ರೆಯ ಎದುರು ನಿಲ್ಲಲಾರದು. ಕನ್ನಡ ನಾಡಿನಲ್ಲಿ ಜನ ಒಟ್ಟುಗೂಡಿ ಮೀನು ಹಿಡಿದು, ಒಟ್ಟಿಗೆ ಉಂಡ ಪದ್ಧತಿಗಳನ್ನು ಹುಡುಕುತ್ತಾ ಹೋದಲ್ಲೆಲ್ಲ ಯಾವ ದಿನ ನೀರಿಗಿಳಿಯಬೇಕು, ಯಾರು ಇಳಿಯಬೇಕು, ಬಂದುದರಲ್ಲಿ ಯಾರಿಗೆ ಎಷ್ಟು ಎಂಬ ಕಟ್ಟುಪಾಡು ನಮಗೆ ಎದುರಾಯಿತು.

ಮೊದಲು ಅರಮನೆಯ ಕಥೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ಯುದ್ಧಕ್ಕಿಂತ ವಿದ್ಯೆಯಲ್ಲಿ ಒಲವಿದ್ದ ಈ ಅರಸು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ರಾಜನ ಕರ್ತವ್ಯದಿಂದ ಹಿಡಿದು ರಾಜನ ಊಟದವರೆಗೆ ನೂರು ಅಧ್ಯಾಯಗಳಲ್ಲಿ ಹರಡಿಕೊಂಡ ವಿಶ್ವಕೋಶ. ಅದರ ವಿನೋದಗಳ ಭಾಗದಲ್ಲಿ ಸಂಗೀತ, ನೃತ್ಯ, ಮಲ್ಲಯುದ್ಧಗಳ ಜೊತೆಯಲ್ಲಿಯೇ ‘ಮತ್ಸ್ಯವಿನೋದ’ಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ವಿವರವಾದ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಕಡಲ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ವಿಂಗಡಿಸಿ ಮೂವತ್ತಕ್ಕೂ ಹೆಚ್ಚು ಬಗೆಗಳನ್ನು ದೊರೆ ಹೆಸರಿಸುತ್ತಾನೆ. ಯಾವುದಕ್ಕೆ ಯಾವ ಆಹಾರ ಹಾಕಿ ಪಳಗಿಸಬೇಕು, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಸಮುದ್ರದಿಂದ ಅಷ್ಟು ದೂರದ ಕಲ್ಯಾಣದಲ್ಲಿ ಕುಳಿತು ಕಡಲ ಮೀನಿನ ಪಟ್ಟಿ ಬರೆದ ಅರಸನಿಗೆ ಪಶ್ಚಿಮ ತೀರದೊಡನೆ ಒಡನಾಟ ಚೆನ್ನಾಗಿಯೇ ಇದ್ದಿರಬೇಕು.

ಅದೇ ಗ್ರಂಥದ ‘ಅನ್ನಭೋಗ’ದಲ್ಲಿ ಮೀನಿನ ಅಡುಗೆಯೂ ಬರುತ್ತದೆ. ತುಂಡು ಮಾಡಿದ ಮೀನಿಗೆ ಹುಣಿಸೆಯ ಹುಳಿ, ಕಾದ ಎಣ್ಣೆಯಲ್ಲಿ ಹುರಿಯುವುದು, ಮೇಲೆ ಮೆಣಸಿನ ಪುಡಿ. ಇಲ್ಲಿ ಮೆಣಸೆಂದರೆ ಕಾಳುಮೆಣಸು. ಒಣಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದುದು ಹದಿನಾರನೆಯ ಶತಮಾನದಲ್ಲಿ. ಆದುದರಿಂದ ನಾವು ಅನಾದಿಯೆಂದು ಭಾವಿಸಿರುವ ಬಂಗುಡೆಯ ಕೆಂಪು ಪುಳಿಮುಂಚಿಗೆ ಹೆಚ್ಚೆಂದರೆ ಐನೂರು ವರ್ಷ. ಹುಳಿ ಮಾತ್ರ ನಿಜಕ್ಕೂ ಹಳೆಯದು.

ಸೋಮೇಶ್ವರನ ಬಳಿಕ ಎರಡು ಶತಮಾನ ಕಳೆದು, ಸುಮಾರು 1342ರಲ್ಲಿ, ಮೊರಾಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ತೀರಕ್ಕೆ ಬಂದನು. ಹೊನ್ನಾವರ, ಬಾರ್ಕೂರು, ಮಂಗಳೂರು ಮೂರನ್ನೂ ಅವನು ಕಂಡು ಬರೆದಿದ್ದಾನೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟದ ವರ್ಣನೆಯನ್ನು ಓದಿದರೆ ನಮ್ಮಲ್ಲಿ ಯಾರಿಗಾದರೂ ಹಸಿವಾಗಬೇಕು. ಅನ್ನದ ಮೇಲೆ ತುಪ್ಪ, ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಬಳಿಕ ಮತ್ತೆ ಅನ್ನ ಬಡಿಸಿ ಕೋಳಿ, ಮತ್ತೆ ಅನ್ನ ಬಡಿಸಿ ಬಗೆಬಗೆಯ ಮೀನು, ಆಮೇಲೆ ತರಕಾರಿ, ಕೊನೆಗೆ ಮೊಸರು. ಇದಕ್ಕೂ ಮೊದಲು ಅವನು ಇಂದಿನ ಒಮಾನಿಗೆ ಸೇರಿದ ಧೋಫಾರಿನಲ್ಲಿ ತಂಗಿದ್ದನು. ಅಲ್ಲಿ ಹೇರಳವಾಗಿ ಸಿಗುವ ಸಣ್ಣ ಮೀನನ್ನು ದನಕರುಗಳಿಗೆ ಮೇವಾಗಿ ಹಾಕುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಆ ಸಣ್ಣ ಮೀನು ನಮ್ಮ ಭೂತಾಯಿಯ ಬಳಗದ್ದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಅರಸರ ವಿನೋದ ಗಾಳದ್ದು; ಒಬ್ಬನೇ ಕುಳಿತು ಆಡಬಹುದಾದ ಆಟ. ಜನಸಾಮಾನ್ಯರ ವಿನೋದ ಬಲೆಯದು, ಬುಟ್ಟಿಯದು. ಅದಕ್ಕೆ ಊರು ಕೂಡಬೇಕು. ಸಾಗರ, ಸೊರಬದ ಸೀಮೆಯಲ್ಲಿ ಬೇಸಗೆಯ ಕೊನೆಗೆ ಕೆರೆಯ ನೀರು ಮೊಣಕಾಲಿಗಿಳಿದಾಗ ‘ಕೆರೆಬೇಟೆ’ ಸಾರುತ್ತಾರೆ. ಬಿದಿರಿನಿಂದ ಹೆಣೆದ, ತಳವಿಲ್ಲದ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈ ಹಾಕಿ ಒಳಗೆ ಸಿಕ್ಕಿದ ಮೀನನ್ನು ತೆಗೆಯುವುದು ಕ್ರಮ. ದಿನ ಗೊತ್ತುಮಾಡುವುದು ಊರಿನ ಹಿರಿಯರು. ಕೂಣಿಗೆ ಇಂತಿಷ್ಟೆಂದು ಹಣ ಕಟ್ಟಬೇಕು. ಸಂಜ್ಞೆ ಕೊಡುವ ಮೊದಲು ಯಾರೂ ನೀರು ಮುಟ್ಟುವಂತಿಲ್ಲ. 2024ರಲ್ಲಿ ತೆರೆಕಂಡ ‘ಕೆರೆಬೇಟೆ’ ಚಲನಚಿತ್ರದ ಮೂಲಕ ಈ ಹೆಸರು ಮಲೆನಾಡಿನಾಚೆಗೂ ತಿಳಿಯಿತು. ನಮ್ಮ ಮಕ್ಕಳಲ್ಲಿ ಕೆಲವರು ಅದನ್ನು ಮೊಬೈಲಿನಲ್ಲಿ ನೋಡಿ ‘ಇದು ನಿಜವೇ’ ಎಂದು ಕೇಳಿದುದುಂಟು. ನಿಜ.

ತುಳುನಾಡಿನಲ್ಲಿ ಇದೇ ಕೆಲಸ ದೈವದ ಸನ್ನಿಧಿಯಲ್ಲಿ ನಡೆಯುತ್ತದೆ. ಸುರತ್ಕಲ್ಲಿನ ಬಳಿಯ ಚೇಳಾಯರು ಖಂಡಿಗೆಯಲ್ಲಿ ಧರ್ಮರಸು ಉಳ್ಳಾಯನ ಜಾತ್ರೆಯ ಅಂಗವಾಗಿ ಮೇ ತಿಂಗಳ ನಡುವಿನ ಸಂಕ್ರಮಣದ ಹೊತ್ತಿಗೆ ನಂದಿನಿ ನದಿಯಲ್ಲಿ ಮೀನು ಹಿಡಿಯುತ್ತಾರೆ. ದಂಡೆಯ ಉದ್ದಕ್ಕೂ ಬಲೆ ಹಿಡಿದು ನೂರಾರು ಮಂದಿ ಕಾಯುತ್ತಾರೆ. ದೈವದ ಪ್ರಸಾದವನ್ನು ನದಿಗೆ ಅರ್ಪಿಸಿ, ಕದಿನ ಸಿಡಿದ ಮೇಲೆಯೇ ಎಲ್ಲರೂ ಒಮ್ಮೆಗೆ ನೀರಿಗೆ ಹಾರುವುದು. ಅಂದು ಸಿಕ್ಕಿದ ಮೀನು ಅಂದೇ ಮನೆಮನೆಯ ಒಲೆಯೇರುತ್ತದೆ. ನೆಂಟರು, ಗೆಳೆಯರು ಊಟಕ್ಕೆ ಬರುತ್ತಾರೆ. ಹಿಡಿಯುವ ದಿನವನ್ನು ದೈವ ಕಾಯುವಂತೆ ಹಿಡಿಯದಿರುವ ನೀರನ್ನು ದೇವರು ಕಾಯುವುದೂ ಉಂಟು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಬಹುದು, ಗಾಳ ಹಾಕುವಂತಿಲ್ಲ.

ಇಷ್ಟು ಹೇಳಿದ ಮೇಲೆ ರಂಪಣಿಯ ಮಾತಿಗೆ ಬರಬೇಕು. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಕರಾವಳಿಯಿಂದ ಬಂದವರು ‘ಬಲೆ’ ಎಂದಾಗ ಅವರ ಕಣ್ಣಮುಂದೆ ಬರುವುದು ಇದೇ ಬಲೆ. ಕಿರಿಯರಲ್ಲಿ ಇದನ್ನು ಕಂಡವರಿಲ್ಲ.

ರಂಪಣಿಯು ದಂಡೆಯಿಂದ ಎಳೆಯುವ ಬಲೆ. ಮಂಗಳೂರಿನಿಂದ ಕಾರವಾರದವರೆಗೆ, ಅಲ್ಲಿಂದಾಚೆ ರಾಂಪೊಣ್ ಎಂಬ ಹೆಸರಿನಲ್ಲಿ ಗೋವೆಯಲ್ಲಿಯೂ ಅದು ಬಳಕೆಯಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದಾಗ ಒಂದೇ ಬಲೆಯ ಜನ ಎರಡು ಸರಕಾರಗಳ ಪ್ರಜೆಗಳಾದರು. 1956ರವರೆಗೆ ಹಾಗೆಯೇ ಇದ್ದರು. ಬಲೆಯ ಉದ್ದ ಒಂದು ಕಿಲೋಮೀಟರಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಷ್ಟು ದೊಡ್ಡ ಬಲೆಯನ್ನು ಒಬ್ಬ ಯಜಮಾನ ಹೊಂದಿರುವುದು ಕಷ್ಟ. ಅದು ನೂರಾರು ತುಂಡುಗಳ ಜೋಡಣೆ. ಒಂದೊಂದು ಮನೆಯಿಂದ ಒಂದೊಂದು, ಎರಡೆರಡು ತುಂಡು ಬಂದು ಸೇರಿ ರಂಪಣಿಯಾಗುತ್ತಿತ್ತು. ತುಂಡು ತಂದವನು ಪಾಲುದಾರ. ವಿಧವೆಯ ಮನೆಯ ತುಂಡಿಗೂ ಪಾಲು ಸಲ್ಲುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ.

ನೈಲಾನ್ ಬರುವ ಮೊದಲು ಬಲೆ ಸಣಬಿನದು, ಹತ್ತಿಯದು. ಉಪ್ಪುನೀರಿನಲ್ಲಿ ಕೊಳೆಯದಂತೆ ಅದನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ, ಮರಳಿನ ಮೇಲೆ ಹರಡಿ ಒಣಗಿಸಬೇಕಾಗಿತ್ತು. ಆ ದಿನಗಳಲ್ಲಿ ಕಡಲಿಗಿಳಿಯುವಂತಿಲ್ಲ. ಹರಿದ ಕಣ್ಣು ಹೊಸೆಯುತ್ತಾ, ಹಳೆಯ ಜಗಳ ತೀರಿಸುತ್ತಾ, ಹೊಸ ಸಂಬಂಧ ಕುದುರಿಸುತ್ತಾ ತೀರದಲ್ಲಿ ಕಳೆಯುತ್ತಿದ್ದ ಆ ದಿನಗಳೇ ಅವರ ಬಿಡುವು. ಮಳೆಗಾಲವಂತೂ ದೊಡ್ಡ ಬಿಡುವು. ಕಡಲು ತಾನೇ ಬಾಗಿಲು ಹಾಕುತ್ತಿತ್ತು. ಬಿಡುವಿನಲ್ಲಿ ಸುಮ್ಮನಿರಲಾರದ ಹುಡುಗರು ಅಳಿವೆಯ ಕಡೆಗೆ ಬೀಸುಬಲೆ ಹೊತ್ತು ಹೋಗುತ್ತಿದ್ದರು. ನಮ್ಮವರು ಇಲ್ಲಿ ನೆನೆದು ಹಂಬಲಿಸುವ ಸ್ವಚ್ಛಂದದ ಮೀನುಬೇಟೆ ಹೆಚ್ಚಾಗಿ ಇದೇ ಇರಬೇಕು.

ಮಳೆ ನಿಂತು ಸೆಪ್ಟೆಂಬರ್ ಬಂದಾಗ ರಂಪಣಿಯ ಕಾಲ. ತೀರದಲ್ಲಿ ನಿಂತ ಅನುಭವಿಯ ಕಣ್ಣು ನೀರಿನ ಬಣ್ಣ ಬದಲಾದುದನ್ನು, ಹಕ್ಕಿಗಳು ಒಂದೆಡೆ ಮುಗಿಬಿದ್ದುದನ್ನು ಗುರುತಿಸುತ್ತಿತ್ತು. ಬಂಗುಡೆಯ ಹಿಂಡು, ಇಲ್ಲವೇ ಭೂತಾಯಿಯದು. ಕಾರವಾರದ ಕಡೆ ಅದೇ ತಾರ್ಲೆ. ಕೂಗು ಎದ್ದೊಡನೆ ಬಲೆಯ ಒಂದು ತುದಿಯನ್ನು ತೀರದಲ್ಲಿ ಹಿಡಿದು, ಉಳಿದುದನ್ನು ಹೊತ್ತ ದೋಣಿ ಅರ್ಧಚಂದ್ರಾಕಾರವಾಗಿ ಹಿಂಡನ್ನು ಬಳಸಿ ಮತ್ತೆ ದಂಡೆಗೆ ಬರುತ್ತಿತ್ತು. ಬಳಿಕ ಎರಡು ಸಾಲುಗಳಲ್ಲಿ ಜನ ಹಗ್ಗಕ್ಕೆ ಕೈ ಹಚ್ಚಿ, ಹಿಂದಡಿಯಿಡುತ್ತಾ, ಒಂದು ಸಾಲು ಇನ್ನೊಂದರ ಕಡೆಗೆ ಸರಿಯುತ್ತಾ ಎಳೆಯುತ್ತಿದ್ದರು. ಐವತ್ತು ಮಂದಿ ಕನಿಷ್ಠ, ನೂರಾದರೂ ಹೆಚ್ಚಲ್ಲ. ಎಳೆಯುವ ಪದಕ್ಕೆ ತಾಳ ಹಾಕುವುದು ಅಲೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ತಂತಮ್ಮ ತೀರಗಳಲ್ಲಿ ಈ ಕೆಲಸದ ಮುಂದಾಳುಗಳು. ಆದರೆ ಹಗ್ಗಕ್ಕೆ ಕೈಕೊಟ್ಟ ದಾರಿಹೋಕನೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಶಾಲೆಗೆ ಚಕ್ಕರ್ ಹೊಡೆದು ಬಂದ ಹುಡುಗನಿಗೂ ಸಾರಿಗಾಗುವಷ್ಟು ಬಂಗುಡೆ ಸಿಗುತ್ತಿತ್ತು. ಮನೆಯಲ್ಲಿ ಬೈಗುಳ ಬಿದ್ದರೂ ಸಾರು ಬೇಯುತ್ತಿತ್ತು.

ಹಿಡಿದ ಮೀನು ಒಂದೇ ದಿನಕ್ಕೆ ಮುಗಿಯದಷ್ಟಿದ್ದರೆ ಬಲೆಯ ಸುತ್ತ ಇನ್ನೊಂದು ಬಲೆ ಕಟ್ಟಿ, ಹಿಂಡನ್ನು ನೀರಿನಲ್ಲಿಯೇ ಕೂಡಿಹಾಕಿ, ಮಾರುಕಟ್ಟೆಗೆ ಬೇಕಾದಷ್ಟನ್ನು ದಿನದಿನವೂ ತೆಗೆಯುವ ರೂಢಿಯಿತ್ತು. ಮಂಜುಗಡ್ಡೆಯಿಲ್ಲದ ಕಾಲದ ಈ ಉಪಾಯವನ್ನು ನಾವು ಬಹಳ ಮೆಚ್ಚುತ್ತೇವೆ. ದಂಡೆಗೆ ಬಂದ ಮೀನು ಹೆಂಗಸರ ಬುಟ್ಟಿಗೆ ಹೋಗಿ, ತಲೆಹೊರೆಯಲ್ಲಿ ಒಳನಾಡಿನ ಮನೆಮನೆಗೆ ನಡೆಯುತ್ತಿತ್ತು. ಉಳಿದುದಕ್ಕೆ ಉಪ್ಪು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಸರಕಾರವು ಸುಂಕವಿಲ್ಲದ ಉಪ್ಪು ಸಿಗುವ ಅಂಗಳಗಳನ್ನು ತೀರದುದ್ದಕ್ಕೂ ತೆರೆಯಿತು. 1907ರಲ್ಲಿ ಸರ್ ಫ್ರೆಡರಿಕ್ ನಿಕೋಲ್ಸನ್ನರ ಮುಂದಾಳುತನದಲ್ಲಿ ಪ್ರಾಂತದ ಮೀನುಗಾರಿಕೆಗೆ ಪ್ರತ್ಯೇಕ ಕಚೇರಿಯೂ ಬಂದಿತು. ಭೂತಾಯಿಯ ಎಣ್ಣೆ ದೋಣಿಯ ಹಲಗೆಗೆ, ಅದರ ಗೊಬ್ಬರ ತೆಂಗಿನ ಬುಡಕ್ಕೆ. ಪಾಲಿನ ಲೆಕ್ಕ ನಡೆಯುತ್ತಿದ್ದುದು ಮರಳಿನ ಮೇಲೆಯೇ, ಎಲ್ಲರ ಕಣ್ಣೆದುರಿಗೆ. ದೋಣಿಗೆ ಇಷ್ಟು, ಬಲೆಯ ತುಂಡಿಗೆ ಇಷ್ಟು, ದುಡಿದವನ ಮೈಗೆ ಇಷ್ಟು. ವ್ಯಾಜ್ಯವೆದ್ದರೆ ಗುರಿಕಾರರ ಮುಂದೆ ಇತ್ಯರ್ಥ. ಇದನ್ನೆಲ್ಲ ಸುವರ್ಣಯುಗವೆಂದು ಚಿತ್ರಿಸುವ ಆಸೆ ನಮಗಿಲ್ಲ. ಮೀನು ಬಾರದ ವರ್ಷಗಳಿದ್ದವು, ಸಾಲಗಾರ ದಲ್ಲಾಳಿಗಳಿದ್ದರು, ತುಂಡಿಲ್ಲದವನ ಪಾಲು ಚಿಕ್ಕದಾಗಿಯೇ ಇತ್ತು.

ಇದರ ಅಂತ್ಯ ಬಹಳ ಬೇಗ ಬಂದಿತು. 1975ರ ಸುಮಾರಿಗೆ ಕರ್ನಾಟಕದ ತೀರದಲ್ಲಿ ಪರ್ಸೀನ್ ಬೋಟುಗಳು ವಾಣಿಜ್ಯ ಪ್ರಮಾಣದಲ್ಲಿ ಇಳಿದವು. ಯಂತ್ರದ ದೋಣಿಯೊಂದು ಹಿಂಡನ್ನು ಕಡಲ ನಡುವೆಯೇ ಸುತ್ತುವರಿದು, ಬಲೆಯ ಕೆಳಬಾಯಿಯನ್ನು ಚೀಲದಂತೆ ಬಿಗಿದು ಎತ್ತಿಬಿಡುತ್ತದೆ. ದಂಡೆಗೆ ಬರುವವರೆಗೆ ಕಾಯುತ್ತಿದ್ದ ರಂಪಣಿಗೆ ಹಿಂಡು ತಲುಪುವುದೇ ಕಡಿಮೆಯಾಯಿತು. ಕೆಲವೇ ವರ್ಷಗಳಲ್ಲಿ ಇಂಥ ಬೋಟುಗಳು ನೂರರ ಲೆಕ್ಕವನ್ನು ಮೀರಿದವು. ಪ್ರತಿಭಟನೆ, ಘರ್ಷಣೆಗಳು ನಡೆದವು. ಗೋವೆಯಲ್ಲಿ ಮಥಾನಿ ಸಲ್ಡಾನರ ನೇತೃತ್ವದಲ್ಲಿ ರಾಂಪೊಣಕಾರರು ನಡೆಸಿದ ಹೋರಾಟ ದೇಶದ ಗಮನ ಸೆಳೆಯಿತು. ನಮ್ಮ ತೀರದಲ್ಲಿ ಇನ್ನೊಂದು ತಿರುವೂ ಇತ್ತು. ರಂಪಣಿಯ ಪಾಲುದಾರರಲ್ಲಿ ಕೆಲವರು ತಾವೇ ಕೂಡಿಕೊಂಡು, ಬ್ಯಾಂಕಿನ ಸಾಲ ಪಡೆದು ಪರ್ಸೀನ್ ಬೋಟು ಕೊಂಡರು. ಉಳಿದವರು ಆ ಬೋಟುಗಳಲ್ಲಿ ಕೂಲಿಗೆ ನಿಂತರು, ಇಲ್ಲವೇ ಊರು ಬಿಟ್ಟರು. 1980ರ ವೇಳೆಗೆ ದೊಡ್ಡ ರಂಪಣಿ ಹೆಚ್ಚುಕಡಿಮೆ ಮುಗಿದಿತ್ತು. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದುದು 1986ರಲ್ಲಿ.

ಊರು ಬಿಡುವುದು ಕರಾವಳಿಗೆ ಹೊಸದಾಗಿರಲಿಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೇ ಹುಟ್ಟಿತ್ತು. ಹೊರನಾಡಿನಲ್ಲಿ ಸಂಘ ಕಟ್ಟುವ ನಮ್ಮ ಚಾಳಿಗೆ ಅಷ್ಟು ಹಳೆಯ ಬೇರಿದೆ. ಆದರೆ ಎಪ್ಪತ್ತರ ದಶಕದ ವಿಶೇಷವೆಂದರೆ, ದಂಡೆಯ ಬಲೆ ಕಣ್ಮರೆಯಾಗುತ್ತಿದ್ದ ಅದೇ ವರ್ಷಗಳಲ್ಲಿ ಎಣ್ಣೆಯ ಹಣದಿಂದ ಕೊಲ್ಲಿಯ ಬಾಗಿಲು ತೆರೆಯಿತು. ಮೀನು ಹಿಡಿಯುವ ಮನೆಗಳಿಂದ ಮಾತ್ರವಲ್ಲ, ಮೀನು ಕೊಳ್ಳುತ್ತಿದ್ದ ಮನೆಗಳಿಂದಲೂ ಜನ ಬಂದರು. ಹಗ್ಗದ ಸಾಲಿನಲ್ಲಿ ನಿಂತಿದ್ದ ಹುಡುಗರಲ್ಲಿ ಹಲವರು ಇಪ್ಪತ್ತರ ವಯಸ್ಸಿಗೆ ದುಬೈ, ಮಸ್ಕತ್, ದೋಹಾಗಳ ಬಂದರುಗಳಲ್ಲಿ, ಹೋಟೆಲುಗಳಲ್ಲಿ, ಕಚೇರಿಗಳಲ್ಲಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ಕನ್ನಡ ತರಗತಿಯ ಬೆಂಚುಗಳಲ್ಲಿ ಇಂದು ಕುಳಿತಿದ್ದಾರೆ.

ಹೀಗೆ ಬಂದವರಿಗೆ ಈ ತೀರದಲ್ಲಿ ಎದುರಾದುದು ಅಪರಿಚಿತ ಕಡಲಲ್ಲ. ಫುಜೈರಾ, ಕಲ್ಬಾ, ಖೋರ್ ಫಕ್ಕಾನಿನ ಕಡೆ ಹಾಗೂ ಒಮಾನಿನ ತೀರದಲ್ಲಿ ‘ದಗ್ವಾ’ ಎಂಬ ಬಲೆಗಾರಿಕೆಯಿದೆ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತದೆ, ಎರಡು ತುದಿಗಳನ್ನು ದಂಡೆಯಿಂದ ಎಳೆಯುತ್ತಾರೆ, ನಡುವೆ ಸಿಕ್ಕುವುದು ‘ಊಮಾ’ — ನಮ್ಮ ಭೂತಾಯಿಯೇ. ಹಿಂದೆ ಇಡೀ ಊರು ಎಳೆಯುತ್ತಿದ್ದ ಹಗ್ಗವನ್ನು ಈಗ ಹೆಚ್ಚಾಗಿ ಜೀಪುಗಳಿಗೆ ಕಟ್ಟುತ್ತಾರೆ. ಮರಳಿನ ಮೇಲೆ ಒಣಗಿಸಿದ ಊಮಾ ದನಗಳಿಗೆ ಮೇವು, ಖರ್ಜೂರದ ಮರಕ್ಕೆ ಗೊಬ್ಬರ. ಇಬ್ನ್ ಬತೂತ ಧೋಫಾರಿನಲ್ಲಿ ಬೆರಗಾದುದು ಇದಕ್ಕೇ. ನಮ್ಮ ತೀರದಲ್ಲಿ ತೆಂಗಿಗೆ, ಅವರ ತೀರದಲ್ಲಿ ಖರ್ಜೂರಕ್ಕೆ. ನಡುವಿನ ಕಡಲು ಒಂದೇ, ಮೀನೂ ಒಂದೇ. ಎರಡೂ ತೀರಗಳ ಮೀನುಗಾರರಿಗೆ ಈ ಕಡಲು ಒಂದು ಅಂಗಳದ ಎರಡು ಬದಿಯಂತಿತ್ತೆಂದರೆ ಅತಿಶಯೋಕ್ತಿಯಾಗದು.

ಇನ್ನು ಇಲ್ಲಿಯ ಕಾನೂನು. ಯುಎಇಯ ಜಲಸಂಪತ್ತಿನ ರಕ್ಷಣೆಗೆ 1999ರ 23ನೆಯ ಸಂಯುಕ್ತ ಕಾಯಿದೆ ಆಧಾರ. ಸಾಫಿ, ಶೇರಿ ಮೀನುಗಳು ಮೊಟ್ಟೆಯಿಡುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅವುಗಳನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ನಿಷೇಧ ಬಂದಿದೆ. ಅಬುಧಾಬಿಯಲ್ಲಿ ವಿನೋದಕ್ಕಾಗಿ ಹಿಡಿಯುವವರಿಗೂ ಪರವಾನಗಿ ಬೇಕು, ಬಲೆ ಅವರ ಪಾಲಿಗಿಲ್ಲ. ಎಲ್ಲರೂ ಇಷ್ಟಪಟ್ಟು ತಿಂದು ತಿಂದು ಹಮ್ಮೂರು ಮೀನು ತೀರಾ ಕಡಿಮೆಯಾದುದು ಈ ಬಿಗಿಗೆ ಒಂದು ಕಾರಣ. ಖಂಡಿಗೆಯಲ್ಲಿ ಕದಿನ ಸಿಡಿಯುವವರೆಗೆ ದಂಡೆಯಲ್ಲಿ ಕಾದು ನಿಂತವರ ಮೊಮ್ಮಕ್ಕಳಿಗೆ ಇದು ವಿದೇಶದ ವಿಚಿತ್ರವೆಂದು ತೋರಬೇಕಾಗಿಲ್ಲ. ಗಾಳ ಹಿಡಿದು ಹೊರಡುವ ಮುನ್ನ ಆಯಾ ಎಮಿರೇಟಿನ ಈಗಿನ ನಿಯಮವನ್ನು ಮಾತ್ರ ಒಮ್ಮೆ ನೋಡಿಕೊಳ್ಳಿರಿ. ಅವು ಆಗಾಗ ಬದಲಾಗುತ್ತವೆ.

ಊರಿಗೆ ಹೋಗುವವರಿಗೊಂದು ಸೂಚನೆ. ನಮ್ಮ ಮಕ್ಕಳ ಶಾಲೆಯ ದೊಡ್ಡ ರಜೆ ಜುಲೈ, ಆಗಸ್ಟ್. ಕರ್ನಾಟಕದಲ್ಲಿ ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷಿದ್ಧ. ಆದುದರಿಂದ ವರ್ಷ ವರ್ಷವೂ ಊರಿಗೆ ಹೋದ ಮಕ್ಕಳು ಕಂಡು ಬರುವುದು ಮಲ್ಪೆಯಲ್ಲಿ ಸಾಲಾಗಿ ಕಟ್ಟಿಹಾಕಿದ ಬೋಟುಗಳನ್ನು, ಮಳೆಯನ್ನು, ಒಣಮೀನಿನ ಚಟ್ನಿಯನ್ನು. ಡಿಸೆಂಬರಿನ ಚಿಕ್ಕ ರಜೆಯಲ್ಲಿ ಹೋದರೆ ಬೇರೆಯೇ ಕಡಲು. ದೊಡ್ಡ ರಂಪಣಿ ಹೋದರೂ ಉಡುಪಿ ಜಿಲ್ಲೆಯ ಕೆಲವು ತೀರಗಳಲ್ಲಿ ಕೈರಂಪಣಿಯವರು ಇನ್ನೂ ಬಲೆ ಬಿಡುತ್ತಾರೆ. ಇಪ್ಪತ್ತು ಮೂವತ್ತು ಮಂದಿ, ಅದೇ ಎರಡು ಸಾಲು, ಅದೇ ಹಿಂದಡಿ. ನಸುಕಿಗೇ ಎದ್ದು ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಫೋಟೋ ತೆಗೆಯುತ್ತಾ ದೂರ ನಿಲ್ಲದೆ, ‘ಅಣ್ಣಾ, ನಾವೂ ಒಂದು ಕೈ ಹಿಡಿಯಲೇ’ ಎಂದು ಕೇಳಿದರೆ ಸಾಲಿನಲ್ಲಿ ಜಾಗ ಕೊಡುತ್ತಾರೆ. ಕೊನೆಗೆ ನಾಲ್ಕು ಬಂಗುಡೆ ಕೈಗಿತ್ತರೆ ಬೆಲೆ ಕೇಳಬಾರದು. ಅದು ಪಾಲು.